ಶಿಕ್ಷೆಯಾದವನಿಗೆ ಮತವುಂಟು, ಆಗದವನಿಗಿಲ್ಲ!

ಚುನಾವಣೆ ಬಂತೆಂದರೆ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಕಳ್ಳತನ ಮಾಡಿ ಶಿಕ್ಷೆಯಾದವರಿಗೂ ಓಟಿದೆಯೇ?’ ಹಿರಿಯರು ‘ಇಲ್ಲ’ ಎಂದುಬಿಡುತ್ತಾರೆ. ಉತ್ತರ ಅಷ್ಟು ಸರಳವಲ್ಲ.

ಬೀದರ್ ಜಿಲ್ಲೆಯ ಹುಡಗಿಯಲ್ಲಿ ಇಬ್ಬರಿದ್ದಾರೆಂದು ಊಹಿಸಿಕೊಳ್ಳಿ. ಒಬ್ಬನಿಗೆ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿದೆ. ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲೆ ಹೊರಗಿದ್ದಾನೆ. ಇನ್ನೊಬ್ಬನ ಮೇಲೆ ಇರುವುದು ಬರೀ ಆರೋಪ, ವಿಚಾರಣೆಯೇ ಮುಗಿದಿಲ್ಲ. ಜಾಮೀನು ನಿಲ್ಲುವವರು ಸಿಗದೆ ಜೈಲಿನಲ್ಲಿದ್ದಾನೆ. ಮತದಾನದ ದಿನ ಮೊದಲನೆಯವನು ಊರಿನ ಶಾಲೆಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬರಬಹುದು. ಎರಡನೆಯವನಿಗೆ ಆ ಭಾಗ್ಯವಿಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮು ನೋಡುವುದು ಅಪರಾಧ ಸಾಬೀತಾಯಿತೇ ಎಂಬುದನ್ನಲ್ಲ, ಆ ದಿನ ಮನುಷ್ಯ ಎಲ್ಲಿದ್ದಾನೆ ಎಂಬುದನ್ನು. ಜೈಲಿನಲ್ಲೋ ಪೊಲೀಸರ ವಶದಲ್ಲೋ ಇದ್ದರೆ ಮತವಿಲ್ಲ; ಹೊರಬಂದರೆ ಉಂಟು. (ಓಟಿಗೆ ಲಂಚ ಕೊಟ್ಟಂಥ ಚುನಾವಣಾ ಅಪರಾಧಕ್ಕೆ ಶಿಕ್ಷೆಯಾದರೆ ಮಾತ್ರ 6 ವರ್ಷ ಮತ ಹೋಗುತ್ತದೆ.)

ಇನ್ನೊಂದು ವಿಚಿತ್ರ ನೋಡಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಲ್ಲಿ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅಷ್ಟು ಜನರ ಮತ ಪಡೆಯಬಹುದಾಗಿದ್ದ ವಿಚಾರಣಾಧೀನ ಕೈದಿ ತನ್ನ ಒಂದು ಮತ ಹಾಕುವಂತಿರಲಿಲ್ಲ! ಮತ ಹಾಕಲಾಗದವನು ಸ್ಪರ್ಧಿಸಲೂ ಬಾರದೆಂದು ಸುಪ್ರೀಂ ಕೋರ್ಟ್ 2013ರ ಜುಲೈ 10ರಂದು ಹೇಳಿತು. ಸಂಸತ್ತು ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಸ್ಪರ್ಧೆಯ ದಾರಿಯನ್ನು ಮತ್ತೆ ತೆರೆಯಿತು. ಕೈದಿಯ ಮತ ಮಾತ್ರ ಇದ್ದಲ್ಲೇ ಉಳಿಯಿತು. ಅಭ್ಯರ್ಥಿಗಳ ಕಷ್ಟ ಬೇಗ ಕೇಳಿಸುತ್ತದೆ!

ಈ ಕಲಮನ್ನು ಸುಪ್ರೀಂ ಕೋರ್ಟ್ 1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಕೈದಿಗಳಿಗೆ ಮತದಾನದ ಏರ್ಪಾಡು ಮಾಡಲು ಹೆಚ್ಚು ಪೊಲೀಸರು ಬೇಕು. ಜೈಲು ಸೇರಿದವನು ತನ್ನ ನಡತೆಯಿಂದಲೇ ಸೇರಿದ್ದಾನೆ. ಅಪರಾಧಿಗಳನ್ನು ಚುನಾವಣೆಯಿಂದ ದೂರವಿಡಬೇಕು ಎಂಬವು ಅದರ ಕಾರಣಗಳು. ಕೊನೆಯ ಎರಡು ಮಾತು ಶಿಕ್ಷೆಯಾದವನಿಗೆ ಒಪ್ಪಬಹುದು. ಆದರೆ 2022ರ ಅಂತ್ಯದಲ್ಲಿ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರೇ. ಅವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ.

ಉಳಿದದ್ದು ಏರ್ಪಾಡಿನ ಮಾತು. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 1999ರಲ್ಲೇ ಕೈದಿಗಳಿಗೆ ಮತದಾನದ ವ್ಯವಸ್ಥೆ ಮಾಡುವಂತೆ ಹೇಳಿತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕಾಯ್ದೆಯೇ ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಅಂಚೆ ಮತಪತ್ರ ಕೊಡುತ್ತದೆ. ಅದು ಜೈಲಿನೊಳಕ್ಕೆ ಹೋಗಿ, ಗುರುತು ಬಿದ್ದು, ಹೊರಗೆ ಬರುತ್ತದೆ. ಪಕ್ಕದ ಕೋಣೆಯ ವಿಚಾರಣಾಧೀನನಿಗೆ ಅದೇ ಲಕೋಟೆಯಿಲ್ಲ.