ಮನೆವಾರ್ತೆ : ಅಲ್ಪ ವ್ಯಯದಲ್ಲಿ ಗಾನಯಂತ್ರ

ಅಡಿಕೆಯ ಕುಯಿಲು ಮುಗಿದು ಮಂಡಿಯ ಲೆಕ್ಕ ಚುಕ್ತವಾದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆಯ ಗೃಹಸ್ಥರೂ, ಮೆಕ್ಕೆಜೋಳ ಶೇಂಗಾಗಳನ್ನು ಮಾರಿ ಬಂದ ಮೇಲೆ ಜಗಳೂರಿನ ಕಡೆಯ ಗೃಹಸ್ಥರೂ ಮನೆಗೆ ಬೇಕಾದ ಒಂದೆರಡು ಸಾಮಾನುಗಳನ್ನು ಕೊಳ್ಳುವ ಯೋಚನೆ ಮಾಡುವುದು ವಾಡಿಕೆ. ಆ ಸಾಮಾನುಗಳ ಪಟ್ಟಿಯಲ್ಲಿ ಹಾಡು ಕೇಳುವ ಯಂತ್ರಕ್ಕೂ ಒಂದು ಸ್ಥಾನವುಂಟು. ಎಷ್ಟು ಹಣಕ್ಕೆ ಎಂಥದನ್ನು ಕೊಳ್ಳಬೇಕು, ಅಂಗಡಿಯವರು ಹೇಳುವ ಸಂಖ್ಯೆಗಳಲ್ಲಿ ಯಾವುದನ್ನು ನಂಬಬೇಕು ಎಂಬುದು ತಿಳಿಯದೆ ಕಷ್ಟಾರ್ಜಿತವಾದ ಹಣವನ್ನು ವ್ಯರ್ಥಮಾಡಿಕೊಂಡವರನ್ನು ನಾವು ಬಲ್ಲೆವು. ಆದಕಾರಣ ಈ ತಿಂಗಳ ಮನೆವಾರ್ತೆಯಲ್ಲಿ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ನ್ಯಾಮತಿಯ ಸಮೀಪದ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಕಾಲಿನ ನೋವಿನಿಂದ ಮಠಕ್ಕೂ ಜಾತ್ರೆಗೂ ಹೋಗಲಾರದ ಅವರಿಗೆ ಮನೆಯಲ್ಲಿ ಕುಳಿತು ವಚನಗಳನ್ನು ಕೇಳುವುದೊಂದೇ ಸಂತೋಷ. ಅವರಿಗಾಗಿಯೇ ಮೊಮ್ಮಗನು ಎದೆಯೆತ್ತರದ ಒಂದು ಯಂತ್ರವನ್ನು ತಂದನು. ಅದರ ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮುಂಭಾಗದಲ್ಲಿ ಬಣ್ಣಬಣ್ಣದ ದೀಪಗಳು ಕುಣಿಯುತ್ತಿದ್ದವು. ವಚನವನ್ನು ಹಾಕಿದೊಡನೆ ಗೋಡೆಯ ಮೇಲಿನ ಪಟಗಳು ನಡುಗಿದವು. ಅಜ್ಜಿ ಸ್ವಲ್ಪ ಹೊತ್ತು ಕೇಳಿ, “ಸದ್ದು ಕೇಳ್ತೈತಪ್ಪಾ, ಮಾತು ತಿಳಿಯಲ್ಲ” ಎಂದರು. ಸದ್ದನ್ನು ಇನ್ನಷ್ಟು ಹೆಚ್ಚಿಸಿದಾಗ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಪುಸ್ತಕವನ್ನೆತ್ತಿಕೊಂಡು ಪಕ್ಕದ ಮನೆಗೆ ಹೋದಳು. ಹದಿನೈದು ದಿನಗಳಲ್ಲಿ ಯಂತ್ರವು ಮೂಲೆ ಸೇರಿ, ಒಗೆದ ಬಟ್ಟೆಗಳನ್ನು ಮಡಿಸಿಡುವ ಪೀಠವಾಯಿತು.

ಅಜ್ಜಿಯ ಆ ಮಾತಿನಲ್ಲಿ ಈ ವಿಷಯದ ತಿರುಳೆಲ್ಲವೂ ಅಡಗಿದೆ. ವಯಸ್ಸಾದಂತೆ ಮನುಷ್ಯನ ಕಿವಿಯು ಮೊದಲು ಕಳೆದುಕೊಳ್ಳುವುದು ತಾರವಾದ ಧ್ವನಿಗಳನ್ನು. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ ಸೆಕೆಂಡಿಗೆ ೨,೦೦೦ ಕಂಪನಗಳಿಗೆ ಮೇಲ್ಪಟ್ಟ ಧ್ವನಿಗಳಲ್ಲಿ. ಸ್ವರಗಳು ಕೇಳಿ ವ್ಯಂಜನಗಳು ಕೇಳದಿದ್ದರೆ ಸದ್ದು ಉಳಿಯುತ್ತದೆ, ಮಾತು ಕಳೆಯುತ್ತದೆ. ಇದರ ಮೇಲೆ ಯಂತ್ರವೂ ತಗ್ಗಿನ ಧ್ವನಿಯನ್ನೇ ಮೊಳಗಿಸಿದರೆ, ಆ ಮೊಳಗು ಉಳಿದ ಅಲ್ಪಸ್ವಲ್ಪ ವ್ಯಂಜನಗಳನ್ನೂ ಮುಚ್ಚಿಬಿಡುತ್ತದೆ. ಆದುದರಿಂದ ಸಂಸಾರಸ್ಥರ ಮನೆಗೆ ಬೇಕಾದುದು ದೊಡ್ಡ ಸದ್ದಲ್ಲ. ಸಣ್ಣ ಸದ್ದಿನಲ್ಲಿಯೂ ಮಾತು ಸ್ಪಷ್ಟವಾಗಿ ಕೇಳಿಸುವ ಗುಣ. ಮುಂದೆ ಹೇಳುವುದೆಲ್ಲವೂ ಈ ಒಂದು ಗುಣವನ್ನು ಕಡಮೆ ಹಣದಲ್ಲಿ ಪಡೆಯುವ ಬಗೆ.

ಇಂಥ ಯಂತ್ರದಲ್ಲಿ ಮುಖ್ಯವಾದ ಅಂಗಗಳು ಎರಡು: ರಿಸೀವರ್ ಮತ್ತು ಸ್ಪೀಕರುಗಳು. ರಿಸೀವರ್ ಎಂಬ ಹೆಸರು ರೇಡಿಯೋದಿಂದ ಬಂದುದು. ಬಾನುಲಿಯನ್ನು ಹಿಡಿಯುವ ಭಾಗವನ್ನೂ ಅದನ್ನು ಬಲಪಡಿಸಿ ಸ್ಪೀಕರಿಗೆ ಕಳುಹಿಸುವ ಆಂಪ್ಲಿಫೈಯರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರೆ ಅದು ರಿಸೀವರ್. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದಲ್ಲಿ ಕೇಳುಗರ ಮನೆಯ ಪೆಟ್ಟಿಗೆಯಲ್ಲಿ ಇದ್ದುದು ಒಂದೇ ಸ್ಪೀಕರ್. ಎರಡು ಸ್ಪೀಕರುಗಳಿಂದ ಧ್ವನಿಗೆ ಎಡಬಲಗಳ ವಿಸ್ತಾರವನ್ನು ಕೊಡುವ ಸ್ಟೀರಿಯೋ ಕ್ರಮಕ್ಕೆ ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ ಎಂಬ ಇಂಜಿನಿಯರು ೧೯೩೧ರಲ್ಲಿಯೇ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದರೂ, ಅಂಥ ಗ್ರಾಮಫೋನು ತಟ್ಟೆಗಳು ಮಾರುಕಟ್ಟೆಯಲ್ಲಿ ಹರಡಿದುದು ೧೯೫೮ರಿಂದ ಈಚೆಗೆ.

ಇನ್ನು ವ್ಯಾಟಿನ ವಿಷಯ. ಪೆಟ್ಟಿಗೆಯ ಮೇಲೆ ‘ಪಿ. ಎಂ. ಪಿ. ಓ.’ ಎಂದು ಬರೆದ ಸಂಖ್ಯೆಗೆ ಯಾವ ನಿಶ್ಚಿತವಾದ ಅಳತೆಯೂ ಇಲ್ಲ. ಅದನ್ನು ಓದದೆ ಬಿಡುವುದೇ ಮೇಲು. ‘ಆರ್. ಎಂ. ಎಸ್.’ ಎಂದು, ಎಷ್ಟು ಓಮ್ ಸ್ಪೀಕರಿಗೆ ಎಂಬ ವಿವರದೊಡನೆ ಕೊಟ್ಟ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು. ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. ಕೇವಲ ೩ ಡೆಸಿಬೆಲ್ ಏರುತ್ತದೆ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಸ್ಪೀಕರಿನ ವಿವರಪತ್ರದಲ್ಲಿ ‘ಸೆನ್ಸಿಟಿವಿಟಿ’ ಎಂಬ ಇನ್ನೊಂದು ಸಂಖ್ಯೆಯಿರುತ್ತದೆ. ಅದು ೮೬ ಡೆಸಿಬೆಲ್ ಎಂದಿದ್ದರೆ, ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ಮನೆಯವರ ಸಾಧಾರಣ ಸಂಭಾಷಣೆ ಸುಮಾರು ೬೦ ಡೆಸಿಬೆಲ್. ಹಾಗಾದರೆ ನಡುಮನೆಯಲ್ಲಿ ವಚನ ಕೇಳುವುದಕ್ಕೆ ಒಂದು ವ್ಯಾಟೂ ಪೂರ್ತಿ ಖರ್ಚಾಗದು. ತಬಲದ ಪೆಟ್ಟು, ಡೊಳ್ಳಿನ ಹೊಡೆತ ಮುಂತಾದ ಕ್ಷಣಿಕ ಏರಿಕೆಗಳಿಗೆ ಸ್ವಲ್ಪ ಮಿಗತೆ ಬೇಕಾದುದರಿಂದ, ಪ್ರತಿಯೊಂದು ಪಕ್ಕಕ್ಕೆ ೨೦ರಿಂದ ೫೦ ವ್ಯಾಟಿನ ನಿಜವಾದ ಶಕ್ತಿಯಿದ್ದರೆ ಧಾರಾಳವಾಯಿತು.

ಹಣವನ್ನು ಹಂಚುವ ಕ್ರಮ ಹೀಗೆ. ಗೃಹಸ್ಥರು ೨೦,೦೦೦ ರೂಪಾಯಿಯನ್ನು ಎತ್ತಿಟ್ಟಿದ್ದಾರೆಂದು ಇಟ್ಟುಕೊಳ್ಳೋಣ. ಅದರಲ್ಲಿ ೧೨,೦೦೦ವನ್ನು ಸ್ಪೀಕರುಗಳ ಜೋಡಿಗೂ, ೭,೦೦೦ವನ್ನು ರಿಸೀವರಿಗೂ, ಉಳಿದ ಒಂದು ಸಾವಿರವನ್ನು ತಂತಿ, ಪೀಠಗಳಿಗೂ ಇಡಬೇಕು. ಎರಡು ಒಳ್ಳೆಯ ರಿಸೀವರುಗಳ ನಡುವೆ ಕಿವಿಗೆ ತಿಳಿಯುವ ಭೇದ ಅಲ್ಪ. ಎರಡು ಸ್ಪೀಕರುಗಳ ನಡುವೆ ಭೇದ ಬಹಳ. ಅದೇ ಹಣಕ್ಕೆ ಆರು ಪೆಟ್ಟಿಗೆಗಳ ಸಿನಿಮಾ ಜೋಡಣೆ ದೊರೆಯುತ್ತದೆಂದು ಯಾರಾದರೂ ಹೇಳಿದರೆ, ಹಣವನ್ನು ಆರು ಭಾಗ ಮಾಡಿ ನೋಡಿರಿ. ಒಂದೊಂದು ಪೆಟ್ಟಿಗೆಯ ಯೋಗ್ಯತೆ ತಾನೇ ತಿಳಿಯುತ್ತದೆ.

ಸ್ಪೀಕರುಗಳಲ್ಲಿ ಐದರಿಂದ ಆರೂವರೆ ಅಂಗುಲದ ಒಂದು ದೊಡ್ಡ ಬಾಯಿ, ಅದರ ಮೇಲೆ ತಾರಧ್ವನಿಗಾಗಿ ಒಂದು ಸಣ್ಣ ಬಾಯಿ, ಹೀಗಿರುವ ಮರದ ಪೆಟ್ಟಿಗೆಗಳ ಜೋಡಿಯು ಸಾಧಾರಣ ಕೋಣೆಗೆ ಸಾಕು. ನೆಲದ ಮೇಲೆ ಒಂದು ದೊಡ್ಡ ಗುಮ್ಮಟದಂಥ ಪೆಟ್ಟಿಗೆಯನ್ನೂ ಮೇಲೆ ಅಂಗೈಯಷ್ಟರ ಎರಡು ಪೆಟ್ಟಿಗೆಗಳನ್ನೂ ಕೊಡುವ ಅಗ್ಗದ ಜೋಡಣೆಗಳಲ್ಲಿ ಮನುಷ್ಯನ ಕಂಠವು ಎರಡರ ನಡುವೆ ಬಿದ್ದು ಸೊರಗುವುದೇ ಹೆಚ್ಚು. ಸ್ಪೀಕರಿನ ಹಿಂದೆ ೮, ೬ ಅಥವಾ ೪ ಓಮ್ ಎಂದು ಬರೆದಿರುತ್ತದೆ. ಆ ಸಂಖ್ಯೆಯು ರಿಸೀವರಿನ ಹಿಂಭಾಗದಲ್ಲಿ ಸೂಚಿಸಿದ ಮಿತಿಗಿಂತ ಕಡಮೆಯಿದ್ದರೆ ರಿಸೀವರು ಕಾದು ಕೆಡುವ ಸಂಭವವುಂಟು. ಹಳೆಯ ಸ್ಪೀಕರುಗಳನ್ನು ಕೊಳ್ಳುವವರು ಬಾಯಿಯ ಸುತ್ತಲಿನ ಅಂಚನ್ನು ಮುಟ್ಟಿ ನೋಡಬೇಕು. ಫೋಮಿನ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ರಬ್ಬರಿನ ಅಂಚು ಹೆಚ್ಚು ಕಾಲ ಬಾಳುತ್ತದೆ.

ರಿಸೀವರನ್ನು ಆರಿಸುವಾಗ ಮನೆಯಲ್ಲಿ ಏನೇನನ್ನು ಅದಕ್ಕೆ ಜೋಡಿಸಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿರಿ. ಮೊಬೈಲಿಗೆ ಬ್ಲೂಟೂತ್, ಹಳೆಯ ಕ್ಯಾಸೆಟ್ ಯಂತ್ರಕ್ಕೆ ‘ಆಕ್ಸ್’ ಎಂಬ ರಂಧ್ರ, ಟೆಲಿವಿಷನ್ನಿಗೆ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಆರ್‌ಸಿ, ಗ್ರಾಮಫೋನು ತಟ್ಟೆಗಳಿದ್ದರೆ ‘ಫೋನೋ’ ಎಂಬ ರಂಧ್ರ ಬೇಕು. ಟೆಲಿವಿಷನ್ನನ್ನು ಜೋಡಿಸಿದ ಮೇಲೂ ಸದ್ದು ಬಾರದಿದ್ದರೆ, ಅದರ ಧ್ವನಿಯ ಪಟ್ಟಿಯಲ್ಲಿ ‘ಪಿಸಿಎಂ’ ಎಂಬುದನ್ನು ಆರಿಸಿರಿ. ಬಹಳ ಕಡೆ ತೊಂದರೆ ಅಲ್ಲಿಯೇ ಇರುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ರೇಡಿಯೋ ಭಾಗ ಇರದಿರುವುದೂ ಉಂಟು. ೧೯೬೫ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿ ಕೇಂದ್ರವನ್ನಾಗಲಿ ಚಿತ್ರದುರ್ಗದ ಕೇಂದ್ರವನ್ನಾಗಲಿ ಕೇಳುವ ಅಭ್ಯಾಸವುಳ್ಳ ಮನೆಯವರು ಆ ಭಾಗವು ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಎಫ್‌ಎಂ ಅಲೆಯ ಉದ್ದ ಸುಮಾರು ೩ ಮೀಟರು; ಅದರ ಕಾಲುಭಾಗ, ಎಂದರೆ ೭೫ ಸೆಂಟಿಮೀಟರಿನ ತಂತಿಯನ್ನು ಕಿಟಕಿಯ ಬಳಿ ನೆಟ್ಟಗೆ ತೂಗುಹಾಕಿದರೆ ಗೊರಗೊರ ಸದ್ದು ಎಷ್ಟೋ ಕಡಮೆಯಾಗುತ್ತದೆ. ಒಂದು ಕಿವಿ ಮಂದವಾಗಿರುವವರು ಮನೆಯಲ್ಲಿದ್ದರೆ ‘ಮೋನೋ’ ಎಂಬ ಗುಂಡಿಯಿರುವುದು ಬಹಳ ಉಪಯುಕ್ತ. ಎಡಬಲಗಳೆರಡರ ಧ್ವನಿಯೂ ಆಗ ಎರಡು ಪೆಟ್ಟಿಗೆಗಳಲ್ಲಿಯೂ ಬರುತ್ತದೆ.

ಚನ್ನಗಿರಿ, ಹೊನ್ನಾಳಿಗಳು ೧೯೯೭ಕ್ಕೆ ಮುಂಚೆ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ಆ ವರ್ಷ ದಾವಣಗೆರೆ ಜಿಲ್ಲೆಯು ಏರ್ಪಟ್ಟಿತು. ಈ ಮೂರು ಊರುಗಳಲ್ಲಿ ಯಾವುದಕ್ಕೆ ಹೋದರೂ ಸರಿಯೆ, ಕೇಳಿ ನೋಡದೆ ಕೊಳ್ಳಬೇಡಿರಿ. ಅಂಗಡಿಯವರು ತಮ್ಮ ಯಂತ್ರವು ಮೆರೆಯುವಂಥ ಹಾಡನ್ನೇ ಹಾಕುತ್ತಾರೆ. ನೀವು ನಿಮಗೆ ಬಾಯಿಪಾಠವಾಗುವಷ್ಟು ಪರಿಚಿತವಾದುದನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗಿರಿ. ಮೊದಲು ವಾರ್ತೆಯನ್ನೋ ಉಪನ್ಯಾಸವನ್ನೋ ಹಾಕಿಸಿ, ಸದ್ದನ್ನು ಪಿಸುಮಾತಿನಷ್ಟು ತಗ್ಗಿಸಿ, ಮಾತುಗಳು ತಿಳಿಯುತ್ತವೆಯೇ ನೋಡಿರಿ. ಬಳಿಕ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನು ಹಾಕಿಸಿದರೆ ಪದಗಳ ಬಿಡಿಸುವಿಕೆಯೂ, ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನು ಹಾಕಿಸಿದರೆ ತಗ್ಗಿನ ಸ್ವರವು ಗುಂಯ್‌ಗುಡದೆ ನಿಲ್ಲುತ್ತದೆಯೇ ಎಂಬುದೂ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಹಾಕಿಸಿದರೆ ಮೀಟಿನ ಮೊನೆಯೂ ಗೊತ್ತಾಗುತ್ತವೆ. ಎರಡು ಜೋಡಿಗಳನ್ನು ಹೋಲಿಸುವಾಗ ಸದ್ದು ಸಮವಾಗಿರಬೇಕು. ಸ್ವಲ್ಪ ಜೋರಾಗಿರುವುದೇ ಒಳ್ಳೆಯದೆಂದು ಭಾವಿಸುವುದು ಕಿವಿಯ ಸ್ವಭಾವ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಅಂಚೆಯ ಮೂಲಕ ತರಿಸುವವರು, ಹಿಂದಿರುಗಿಸಲು ಎಷ್ಟು ದಿನಗಳ ಅವಕಾಶವಿದೆಯೆಂಬುದನ್ನು ಮೊದಲು ಓದಿಕೊಳ್ಳತಕ್ಕದ್ದು.

ಯಂತ್ರ ಮನೆಗೆ ಬಂದ ಮೇಲೆ ಅರ್ಧ ಕೆಲಸ ಕೋಣೆಯದು. ಹಂಚಿನ ಮನೆಯಲ್ಲಿ ಸದ್ದು ಮೇಲಕ್ಕೆ ಸೋರಿಹೋಗುವುದರಿಂದ ಪೆಟ್ಟಿಗೆಗಳನ್ನು ಹಿಂದಿನ ಗೋಡೆಗೆ ತುಸು ಸಮೀಪವಾಗಿಡಬಹುದು. ಜಗಳೂರಿನ ಕಡೆಯ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಮೇಲ್ಛಾವಣಿಯು ಪ್ರತಿಧ್ವನಿಯನ್ನು ಬಹಳ ಮಟ್ಟಿಗೆ ನುಂಗುತ್ತದೆ. ಅಲ್ಲಿ ಧೂಳಿನ ಕಾಟ ಮಾತ್ರ ಹೆಚ್ಚಾದುದರಿಂದ ಕೇಳದಿರುವಾಗ ತೆಳುವಾದ ಬಟ್ಟೆಯನ್ನು ಹೊದಿಸಬೇಕು. ತೊಂದರೆಯಿರುವುದು ಸಿಮೆಂಟಿನ ತಾರಸಿಯೂ ಟೈಲ್ಸ್ ನೆಲವೂ ಇರುವ ಹೊಸ ಮನೆಗಳಲ್ಲಿ. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿರಿ. ಅದು ಝಣ್ಣೆಂದು ಮರುದನಿಸಿದರೆ ನೆಲಕ್ಕೆ ಜಮಖಾನೆಯನ್ನು ಹಾಸಿ, ಕಿಟಕಿಗೆ ದಪ್ಪ ಪರದೆಯನ್ನು ಕಟ್ಟಿರಿ. ಮನೆಯ ಹಳೆಯ ಕೌದಿಯೊಂದನ್ನು ಗೋಡೆಗೆ ತೂಗಹಾಕಿದರೂ ಗುಣ ಕಾಣುತ್ತದೆ. ಪೆಟ್ಟಿಗೆಗಳನ್ನು ಮೂಲೆಗೆ ತಳ್ಳಬೇಡಿರಿ. ಮೂಲೆಯು ತಗ್ಗಿನ ಧ್ವನಿಯನ್ನು ಉಬ್ಬಿಸುತ್ತದೆ. ಸಣ್ಣ ಬಾಯಿಯು ಕುಳಿತವರ ಕಿವಿಯ ಎತ್ತರಕ್ಕಿರಲಿ. ಎರಡು ಪೆಟ್ಟಿಗೆಗಳ ನಡುವಣ ದೂರವೂ ಅವುಗಳಿಂದ ಕೇಳುವವರಿಗಿರುವ ದೂರವೂ ಸಮವಾಗಿರಲಿ.

ತಂತಿಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ಐದು ಮೀಟರ್ ದೂರಕ್ಕೆ ೧.೫ ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದು ಪಕ್ಕದಲ್ಲಿ ಮಾತ್ರ ಅದಲುಬದಲಾದರೆ ತಗ್ಗಿನ ಧ್ವನಿ ಮಾಯವಾಗಿ ಕಂಠವು ಎಲ್ಲಿಂದ ಬರುತ್ತಿದೆಯೆಂಬುದೇ ತಿಳಿಯದು. ಇದನ್ನು ಪರೀಕ್ಷಿಸಲು ೧೯೫೦ರ ಆಸುಪಾಸಿನ ಹಳೆಯ ಹಾಡೊಂದನ್ನು ಹಾಕಿರಿ. ಅವು ಒಂದೇ ಧ್ವನಿಮಾರ್ಗದವಾದುದರಿಂದ ಕಂಠವು ಎರಡು ಪೆಟ್ಟಿಗೆಗಳ ನಟ್ಟನಡುವಿನಿಂದ ಬಂದಂತೆ ಕೇಳಿಸಬೇಕು. ಗುಡುಗು ಮಿಂಚುಗಳ ಕಾಲದಲ್ಲಿ ಗುಂಡಿಯನ್ನು ಆರಿಸಿದರೆ ಸಾಲದು. ವಿದ್ಯುತ್ತಿನ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡಬೇಕು. ನೆರೆಹೊರೆಯವರ ನೆನಪೂ ಇರಲಿ: ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಮಿತಿ ೪೫ ಡೆಸಿಬೆಲ್.

ನ್ಯಾಮತಿಯ ಆ ಮನೆಯವರು ಮರುವರ್ಷ ದೊಡ್ಡ ಯಂತ್ರವನ್ನು ಬಂದ ಬೆಲೆಗೆ ಮಾರಿ, ಎರಡು ಸಣ್ಣ ಪೆಟ್ಟಿಗೆಗಳನ್ನೂ ಸಾಧಾರಣವಾದೊಂದು ರಿಸೀವರನ್ನೂ ತಂದರು. ಪೆಟ್ಟಿಗೆಗಳಲ್ಲೊಂದನ್ನು ಅಜ್ಜಿಯ ಮಂಚದಿಂದ ಎರಡು ಮೊಳ ದೂರದಲ್ಲಿಟ್ಟು, ಮೋನೋ ಗುಂಡಿಯನ್ನೊತ್ತಿ, ಸದ್ದನ್ನು ಮಾತಿನಷ್ಟಕ್ಕೇ ಇರಿಸಿದರು. ದೂರವು ಅರ್ಧವಾದರೆ ಸದ್ದು ೬ ಡೆಸಿಬೆಲ್‌ನವರೆಗೂ ಏರುವುದರಿಂದ, ಹತ್ತಿರ ತಂದುದೇ ಹೆಚ್ಚು ಕೆಲಸ ಮಾಡಿತು. ಒಳಕೋಣೆಯಲ್ಲಿ ಓದುತ್ತಿದ್ದ ಹುಡುಗಿ ಏಳಲಿಲ್ಲ. ಗಾಯಕರು ವಚನದ ನಡುವೆ ಒಂದು ಸಾಲನ್ನು ಬಿಟ್ಟು ಮುಂದೆ ಹೋದಾಗ ಅಜ್ಜಿ ಮಲಗಿದಲ್ಲಿಂದಲೇ ಆ ಸಾಲನ್ನು ತಾವು ಹೇಳಿ ಸೇರಿಸಿದರೆಂದು ಕೇಳಿ ನಮಗೆ ಬಹಳ ಸಂತೋಷವಾಯಿತು. ಇಷ್ಟೆಲ್ಲ ಮಾಡಿದರೂ ಹಿರಿಯರಿಗೆ ಮಾತು ತಿಳಿಯದಿದ್ದಲ್ಲಿ ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸತಕ್ಕದ್ದು.

ಹಳೆಯ ಕ್ಯಾಸೆಟ್ಟುಗಳನ್ನು ಬೂಷ್ಟು ಹಿಡಿಯದಂತೆ ಕಾಪಾಡುವ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.