ಅವ್ವನ ಕೆಮ್ಮು ಲೆಕ್ಕಕ್ಕೆ ಬಾರದ ಓದು ಯಾತಕ್ಕೆ, ಪ್ರಾರ್ಥನೆ ಯಾತಕ್ಕೆ?

ಹಾಸ್ಟೆಲಿನ ಹುಡುಗರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಿನ್ನ ಬಾಳಿನ ಗುರಿ ಏನು? ಭಾನುವಾರದ ಪ್ರಾರ್ಥನೆಯಲ್ಲಿ ಪಾಸ್ಟರ್ ಕೇಳುತ್ತಾರೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿ ಕೇಳುತ್ತಾರೆ. ಇಬ್ಬರೂ ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ನಂಬು, ದೇವರು ನಿನ್ನನ್ನು ಮೇಲೆತ್ತುತ್ತಾನೆ ಎಂದು ಒಬ್ಬರು. ಓದು, ಡಿಗ್ರಿ ನಿನ್ನನ್ನು ಮೇಲೆತ್ತುತ್ತದೆ ಎಂದು ಇನ್ನೊಬ್ಬರು. ಎಲ್ಲಿಂದ ಮೇಲೆ? ಯಾರನ್ನು ಕೆಳಗೆ ಬಿಟ್ಟು ಮೇಲೆ? ಅದನ್ನು ಮಾತ್ರ ಯಾರೂ ಹೇಳೋದಿಲ್ಲ.

ಕೆಳಗೆ ಉಳಿದವರ ಸಂಗತಿ ನಾನು ಹೇಳುತ್ತೇನೆ. ಬ್ಯಾಡಗಿ ಪೇಟೆ ನೀವೆಲ್ಲ ನೋಡಿದ್ದೀರಿ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬಂದರೆ ಊರೆಲ್ಲ ಕೆಂಪು. ಚೀಲ ಇಳಿಯುತ್ತವೆ, ಟೆಂಡರ್ ಆಗುತ್ತದೆ, ತೂಕ ಆಗುತ್ತದೆ. ಆಮೇಲೆ ಆ ಕಾಯಿ ಹೆಣ್ಣುಮಕ್ಕಳ ಮುಂದೆ ರಾಶಿ ಬೀಳುತ್ತದೆ. ಮುಂಜಾನೆಯಿಂದ ಕೂತು ತೊಟ್ಟು ಬಿಡಿಸಬೇಕು, ಕೆಟ್ಟದ್ದು ಆರಿಸಬೇಕು, ಬಣ್ಣ ನೋಡಿ ಬೇರೆ ಮಾಡಬೇಕು. ಮೂಗಿಗೆ ಸೆರಗು ಕಟ್ಟಿಕೊಂಡು ಕೂತ ಆ ಸಾಲಿನಲ್ಲಿ ನಮ್ಮ ಅವ್ವನೂ ಒಬ್ಬಾಕಿ. ಕೈ ಉರಿ, ಕಣ್ಣು ಉರಿ, ರಾತ್ರಿಯೆಲ್ಲ ಕೆಮ್ಮು. ದವಾಖಾನೆಗೆ ಹೋಗೋಣ ಬಾ ಎಂದರೆ ಆಕೆ ಅನ್ನೋದು: "ಇದು ಬ್ಯಾನಿ ಅಲ್ಲೋ ತಮ್ಮಾ, ಕಾಯಿ ಧೂಳು. ಎಲ್ಲಾರಿಗೂ ಐತಿ."

ಎಲ್ಲರಿಗೂ ಇದ್ದರೆ ಅದು ಬೇನೆಯೇ ಅಲ್ಲವಂತೆ! ನಮ್ಮ ಗುಲಾಮಗಿರಿ ಪೂರ್ತಿ ಈ ಒಂದು ಮಾತಿನಲ್ಲಿದೆ.

ಈ ಕಾಯಿಯ ಬಗ್ಗೆ ಸಂಶೋಧನೆ ಇಲ್ಲವೇ? ಬೇಕಾದಷ್ಟಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಡಬ್ಬಿ ಯಾವುದು, ಕಡ್ಡಿ ಯಾವುದು, ಯಾವುದರಲ್ಲಿ ಬಣ್ಣ ಎಷ್ಟು, ಎಲ್ಲಕ್ಕೂ ಅಳತೆ ಇದೆ. ಇದರ ಓಲಿಯೋರೆಸಿನ್ ತೆಗೆದು ತಿಂಡಿಗೂ ಹಾಕುತ್ತಾರೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹಾಕುತ್ತಾರೆ. ಖಾರ ಯಾಕೆ ಉರಿಯುತ್ತದೆ ಎಂದು ಹುಡುಕಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ನರಗಳನ್ನು ಎಲ್ಲಿ ಮುಟ್ಟುತ್ತದೆ ಎಂಬುದನ್ನು ಆತ ತೋರಿಸಿಕೊಟ್ಟ. ಉಸಿರಿನ ದಾರಿಯಲ್ಲೂ ಅಂಥ ನರಗಳಿವೆ. ಅದಕ್ಕೇ ವೈದ್ಯರು ಕೆಮ್ಮಿನ ಪರೀಕ್ಷೆಗೆ ಕ್ಯಾಪ್ಸೈಸಿನ್ನನ್ನು ಹನಿಹನಿ ಅಳೆದು ಉಸಿರಿಗೆ ಕೊಡುತ್ತಾರೆ. ಪ್ರಯೋಗಾಲಯದಲ್ಲಿ ಅಳೆದು ಕೊಡುವುದನ್ನು ನಮ್ಮ ಅವ್ವ ಅಳತೆ ಇಲ್ಲದೆ ಕುಡಿಯುತ್ತಾಳೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅಂತೀರಾ? ದಿನಕ್ಕೆ ಒಂದು ತಾಸು ಬಂದು ಧೂಳಿನಲ್ಲಿ ಕೂತು ಆಮೇಲೆ ಹೇಳ್ರಿ.

2024ರ ಮಾರ್ಚ್ 11ರಂದು ದರ ಕುಸಿಯಿತು ಎಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಬೆಂಕಿ ಹಚ್ಚಿದರು. ರೈತನ ಹೊಟ್ಟೆಯುರಿ ಸುಳ್ಳಲ್ಲ. ನಾಡಿನ ಪತ್ರಿಕೆಗಳೆಲ್ಲ ಬರೆದವು. ಆದರೆ ತೊಟ್ಟು ಬಿಡಿಸುವವಳ ಎದೆ ಉರಿದರೆ ಯಾವ ಪತ್ರಿಕೆಯ ಯಾವ ಪುಟ?

ನಾನು ಎಂ.ಎ. ಪ್ರಬಂಧಕ್ಕೆ ಇದೇ ವಿಷಯ ಒಯ್ದೆ. ಗುರುಗಳು ನೋಡಿ ನಕ್ಕರು. "ಇದರ ಮ್ಯಾಲೆ ಪುಸ್ತಕ ಎಲ್ಲಿ ಅದಾವಪಾ? ಪುಸ್ತಕ ಇರೋ ವಿಷಯ ತಗೋ" ಎಂದರು. ಅಂದರೆ ಯಾರೋ ಮೊದಲೇ ಬರೆದಿದ್ದನ್ನು ನಾವು ಮತ್ತೆ ಬರೆದರೆ ಅದು ಸಂಶೋಧನೆ. ಯಾರೂ ಬರೆಯದ ನಮ್ಮ ಕೇರಿಯ ಬದುಕನ್ನು ಬರೆದರೆ ಅದು ಸಂಶೋಧನೆ ಅಲ್ಲ. ಈ ನ್ಯಾಯ ಯಾರು ಮಾಡಿದ್ದು?

ಇನ್ನು ದೇವಾಲಯದ ಕಡೆ ಬರೋಣ. ನಮ್ಮ ಕೇರಿಯ ಎಷ್ಟೋ ಮನೆಗಳಿಗೆ ಕ್ರಿಸ್ತನ ಹೆಸರು ಬೆಳಕು ತಂದಿದೆ. ಅದನ್ನು ನಾನು ಹಗುರವಾಗಿ ನೋಡುವವನಲ್ಲ. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ ಬಂತು, ಶಾಲೆ ತೆರೆಯಿತು. ಅಕ್ಷರ ಮುಟ್ಟಬಾರದು ಎನ್ನಿಸಿಕೊಂಡವರ ಕೈಗೆ ಪುಸ್ತಕ ಕೊಟ್ಟ ಋಣ ದೊಡ್ಡದು. ಆದರೆ ಇವತ್ತಿನ ಪ್ರಾರ್ಥನೆ ಏನು? ಕರ್ತನೇ, ಈ ತಾಯಿಯ ಕೆಮ್ಮು ವಾಸಿಮಾಡು. ಆಯ್ತು, ಆಮೆನ್. ಧೂಳು ಎಲ್ಲಿಂದ ಬಂತು ಎಂದು ಕೇಳುವವರು ಯಾರು? ಸೋಮವಾರ ಆಕೆ ಮತ್ತೆ ಅದೇ ರಾಶಿಯ ಮುಂದೆ.

ಬೈಬಲ್ ಬಿಚ್ಚಿ ನೋಡಿ. ವಿಮೋಚನಕಾಂಡದಲ್ಲಿ ಫರೋಹ ಗುಲಾಮರಿಗೆ ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆ ಆಗಬಾರದು ಎನ್ನುತ್ತಾನೆ. ಅದು ಪುರಾಣವಲ್ಲ ಗೆಳೆಯರೇ, ಕೆಲಸದ ಜಾಗದ ವರದಿ. ಯೇಸುವಿನ ಸಾಮ್ಯದಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ಕೂಲಿಗಾಗಿ ನಿಂತವರು ಇದ್ದಾರೆ. ಯಾಕೋಬನ ಪತ್ರದಲ್ಲಿ, ಹಿಡಿದಿಟ್ಟ ಕೂಲಿಯೇ ಮಾಲೀಕನ ವಿರುದ್ಧ ಕೂಗುತ್ತದೆ. ಹುಲ್ಲು, ಇಟ್ಟಿಗೆ, ಕೂಲಿ, ಹೊತ್ತು ಎಲ್ಲವನ್ನೂ ಲೆಕ್ಕ ಹಾಕುವ ದೇವರಿಗೆ ನಮ್ಮ ಅವ್ವನ ಕೆಮ್ಮಿನ ಲೆಕ್ಕ ಬೇಡವಾಗುತ್ತದೆಯೇ?

ಬೆಲ್ಜಿಯಂ ದೇಶದಲ್ಲಿ ಜೋಸೆಫ್ ಕಾರ್ಡೈನ್ ಎಂಬ ಬಡವರ ಮನೆಯ ಹುಡುಗನಿದ್ದ. ಪಾದ್ರಿ ಆಗಲು ಓದಲು ಹೋದ. ರಜೆಗೆ ಊರಿಗೆ ಬಂದಾಗ, ಕಾರ್ಖಾನೆ ಸೇರಿದ್ದ ಹಳೇ ಗೆಳೆಯರು ಇವನನ್ನು ಪರಕೀಯನಂತೆ ಕಂಡರು. ಓದಿದವನು ಧಣಿಗಳ ಕಡೆಯವನು ಎಂದು ಅವರ ಲೆಕ್ಕ. ನಮಗೂ ಇದೇ ಆಗುತ್ತದಲ್ಲ? ಪ್ಯಾಂಟು ಹಾಕಿ ಕೇರಿಗೆ ಹೋದರೆ "ಬಂದ್ರೀ ಸಾಹೇಬ್ರು" ಅನ್ನೋದಿಲ್ಲವಾ? ಆ ನೋವನ್ನು ಕಾರ್ಡೈನ್ ಜೀವನಪೂರ್ತಿ ಮರೆಯಲಿಲ್ಲ. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ಕಟ್ಟಿದ. ಅದರ ಪಾಠ ಮೂರೇ: ನೋಡು, ತೂಗಿ ನೋಡು, ಮಾಡು. ಕೆಲಸದ ಜಾಗದಲ್ಲಿ ಏನು ನಡೆದಿದೆ ಎಂದು ಹುಡುಗ ಹುಡುಗಿಯರೇ ವಿಚಾರಿಸಿ ಬರೆಯಬೇಕು. ಅದನ್ನು ಸುವಾರ್ತೆಯ ತಕ್ಕಡಿಯಲ್ಲಿ ಇಡಬೇಕು. ಆಮೇಲೆ ಕೈ ಹಾಕಬೇಕು. ಅಲ್ಲಿ ವಿಶ್ವಾಸ ಬೇರೆ, ವಿಚಾರಣೆ ಬೇರೆ ಅಲ್ಲ.

ನಮ್ಮಲ್ಲೂ ಇದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎದ್ದು ನಿಂತು, ಇಲ್ಲಿಯ ಕ್ರೈಸ್ತ ದೇವಶಾಸ್ತ್ರ ಮೇಲ್ಜಾತಿಯಿಂದ ಬಂದವರ ಚಿಂತೆಯನ್ನೇ ಬರೆಯಿತು ಎಂದು ತೋರಿಸಿದರು. ಚರ್ಚಿನ ಬೆಂಚುಗಳನ್ನು ತುಂಬಿದವರು ದಲಿತರು, ಪುಸ್ತಕಗಳನ್ನು ತುಂಬಿದ್ದು ಬೇರೆಯವರ ಬದುಕು. ಬಾಬಾಸಾಹೇಬರು ಅದಕ್ಕೂ ಮೊದಲೇ, ಭಾರತದ ಕ್ರೈಸ್ತರು ಸಾಮಾಜಿಕ ಅನ್ಯಾಯದ ವಿರುದ್ಧ ದನಿ ಎತ್ತುವುದಿಲ್ಲ ಎಂದು ನೇರವಾಗಿ ಬರೆದಿದ್ದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಚುಚ್ಚಲಿ.

ಬಾಬಾಸಾಹೇಬರ ಕೋಟು, ಕೈಯ ಪುಸ್ತಕ ಎಲ್ಲರೂ ನೋಡುತ್ತಾರೆ. ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದದ್ದನ್ನು ಮರೆಯುತ್ತಾರೆ. ಆ ಕಾಲದಲ್ಲೇ, 1944ರಲ್ಲಿ, ರೇಗೆ ಸಮಿತಿ ನೇಮಕವಾಗಿ ಒಂದೊಂದೇ ಉದ್ದಿಮೆಗೆ ಹೋಗಿ ಕೂಲಿ ಎಷ್ಟು, ತಾಸು ಎಷ್ಟು, ಮನೆ ಎಂಥದು ಎಂದು ವಿಚಾರಿಸಿ ಬರೆಯಿತು. ಮೊದಲು ಲೆಕ್ಕ, ಆಮೇಲೆ ಕಾಯ್ದೆ. ಲೆಕ್ಕ ಇಲ್ಲದವನ ಅಳು ಸರ್ಕಾರಕ್ಕೆ ಬರೀ ಸದ್ದು.

ಸರ್ಕಾರಕ್ಕೂ ಒಂದು ಮಾತು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತೆಗೆದುಕೊಂಡರು. ಕ್ರೈಸ್ತ ದಲಿತ, ಮುಸ್ಲಿಂ ದಲಿತ ಹೊರಗೇ ಉಳಿದರು. ಈ ಅಡ್ಡಗೋಡೆ ತೆಗೆಯಿರಿ ಎಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಹೇಳಿದರೂ ಕೇಳಲಿಲ್ಲ. 2022ರಲ್ಲಿ ಮತ್ತೊಂದು ಆಯೋಗ ಮಾಡಿದರು. ಹಾಗಾಗಿ ನಮ್ಮ ಹುಡುಗನಿಗೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಒಂದು ಬಾಳು, ಭಾನುವಾರ ಇನ್ನೊಂದು ಬಾಳು. ಕೂಲಿಗೆ ಕರೆಯುವಾಗ ಯಾವ ಮೇಸ್ತ್ರಿಯೂ ನೀನು ಯಾವ ಧರ್ಮ ಅನ್ನುವುದಿಲ್ಲ. ಧೂಳಿಗೆ ಸರ್ಟಿಫಿಕೇಟು ಬೇಕಾಗಿಲ್ಲ.

ಚಳವಳಿಯ ಅಣ್ಣಂದಿರೇ, ನಿಮಗೂ ಹೇಳಬೇಕು. ಶಿಲುಬೆ ಕಟ್ಟಿಕೊಂಡ ಹುಡುಗ ಸಭೆಗೆ ಬಂದರೆ "ಇವ ಹೋದ ಬಿಡು" ಎಂದು ನಗುತ್ತೀರಿ. ಅವನ ಅವ್ವ, ನಿಮ್ಮ ಅವ್ವ ಒಂದೇ ರಾಶಿಯ ಮುಂದೆ ಕೂತಿದ್ದಾರೆ. ದೇವರ ವಿಷಯದಲ್ಲಿ ಜಗಳ ಮಾಡೋಣ, ಬೇಡ ಅನ್ನೋದಿಲ್ಲ. ಮೊದಲು ಆ ರಾಶಿಯ ಹತ್ತಿರ ಜೊತೆಗೆ ಹೋಗೋಣ.

ಹೋಗಿ ಏನು ಮಾಡೋದು? ಒಂದು ನೂರು ಪುಟದ ನೋಟ್‌ಬುಕ್ ಸಾಕು. ಕೇಳಿ: ಎಷ್ಟು ವರ್ಷದಿಂದ ಈ ಕೆಲಸ, ದಿನಕ್ಕೆ ಎಷ್ಟು ತಾಸು, ಕೂಲಿ ದಿನದ ಲೆಕ್ಕವೋ ಕಿಲೋ ಲೆಕ್ಕವೋ, ನೀರು ಎಲ್ಲಿ, ಶೌಚಾಲಯ ಎಲ್ಲಿ, ಕೂಸು ಎಲ್ಲಿ ಮಲಗುತ್ತದೆ, ಕೆಮ್ಮು ಯಾವಾಗ ಹೆಚ್ಚು, ರಜೆಯ ದಿನ ಕಡಿಮೆಯೇ? ಊದಿ ಉಸಿರು ಅಳೆಯುವ ಸಣ್ಣ ಸಾಧನ ಬರುತ್ತದೆ. ಕೆಲಸಕ್ಕೆ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಊದಿಸಿ ಬರೆಯಿರಿ. ಧೂಳಿಲ್ಲದ ಕೆಲಸದ ಹೆಂಗಸರಲ್ಲೂ ಅಳೆದು ಹೋಲಿಸಿ. ವೈದ್ಯಕೀಯ ಓದುವ ನಮ್ಮ ಹುಡುಗಿಯರನ್ನು ಜೊತೆಗೆ ಕರೆಯಿರಿ. ಹೆಸರು ಬರೆಯಬೇಡಿ, ನಾಳೆ ಕೂಲಿ ತಪ್ಪೀತು, ನಂಬರು ಹಾಕಿ. ಈ ಕೆಲಸಕ್ಕೆ ಗೊತ್ತಾದ ಕನಿಷ್ಠ ಕೂಲಿ ಎಷ್ಟು, ತಪಾಸಣೆಗೆ ಯಾರು ಯಾವತ್ತು ಬಂದಿದ್ದರು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಬರೆದದ್ದನ್ನು ಪ್ರೊಫೆಸರಿಗೆ ಕೊಡುವ ಮೊದಲು ಕೇರಿಯಲ್ಲಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ರಾಣೆಬೆನ್ನೂರಿನ ಹುಡುಗರು ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಹೆಣ್ಣುಮಕ್ಕಳ ಹತ್ತಿರ ಹೋಗಲಿ. ಹಾವೇರಿಯವರು ಹಮಾಲರ ಬೆನ್ನು ನೋಡಲಿ.

ಬಾಳಿನ ಗುರಿ ಎಂದು ಕೇಳಿದರಲ್ಲ, ಇಲ್ಲಿದೆ. ವಿಶ್ವಾಸ ಇದ್ದವನು ಅದನ್ನು ರಾಶಿಯ ಹತ್ತಿರ ತಂದು ತೋರಿಸಲಿ. ಡಿಗ್ರಿ ಇದ್ದವನು ಅದನ್ನೂ ತರಲಿ. ಅಲ್ಲಿ ನಿಲ್ಲದ್ದು ವಿಶ್ವಾಸವೂ ಅಲ್ಲ, ವಿದ್ಯೆಯೂ ಅಲ್ಲ.

ಮೊನ್ನೆ ನೋಟ್‌ಬುಕ್ ಹಿಡಿದು ಅವ್ವನ ಮುಂದೆ ಕೂತೆ. "ಏನೋ ಇದು?" ಅಂದಳು. "ನಿನ್ನ ಕೆಮ್ಮು ಬರಕೊಳ್ಳಾಕ ಬಂದೀನವ್ವಾ" ಅಂದೆ. ಸುಮ್ಮನೆ ನೋಡಿದಳು. ಆಮೇಲೆ ಪಕ್ಕದಾಕೆಯನ್ನು ಕರೆದಳು: "ಏ, ಬಾ ಇಲ್ಲಿ. ನಿಂದೂ ಬರಸು."

ಜೈ ಭೀಮ್.

ತೊಟ್ಟು ಬಿಡಿಸುವವಳ ಮಗ