ಆ ಅರ್ಜಿಗೆ ನಾನೂ ಸಹಿ ಮಾಡಿದ್ದೆ



ಮೊನ್ನೆ ನಮ್ಮದೇ ಸಂಗಾತಿಗಳ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಯಾವುದೋ ಹಾಸ್ಟೆಲ್ಲಿನ ಮೆಸ್. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಆಫ್ರಿಕಾದ ಹುಡುಗನೊಬ್ಬ ಬಡಿಸುವವನಿಗೆ "ಚಪಾತಿ, ಚಪಾತಿ" ಅನ್ನುತ್ತಾನೆ. ಹಿಂದಿನಿಂದ ಯಾರೋ "ಲೇ, ಕರಿಯ ಕನ್ನಡ ಕಲ್ತಾನಲೇ" ಅಂತ ಕೂಗುತ್ತಾನೆ. ಅಷ್ಟೇ ವಿಡಿಯೋ. ಕೆಳಗೆ ನಗುವ ಇಮೋಜಿಗಳ ಸಾಲು. ನಕ್ಕವರಲ್ಲಿ ಏಪ್ರಿಲ್ 14ಕ್ಕೆ ನೀಲಿ ಶಾಲು ಹಾಕಿಕೊಂಡು ನನ್ನ ಪಕ್ಕ ನಿಂತವರೂ ಇದ್ದರು.

ಆ ಹುಡುಗ ಸ್ವಾಹಿಲಿ ಆಡುವವನಾಗಿದ್ದರೆ ಚಪಾತಿ ಅನ್ನಲಿಕ್ಕೆ ಕನ್ನಡ ಕಲಿಯಬೇಕಾಗಿಲ್ಲ. ಪೂರ್ವ ಆಫ್ರಿಕಾದಲ್ಲಿ ಚಪಾತಿಗೆ ಚಪಾತಿ ಅಂತಲೇ ಅಂತಾರೆ. ಚಹಾಕ್ಕೆ ಚಾಯ್. ಅಂಗಡಿಗೆ ದುಕಾ, ನಮ್ಮ ಇಳಕಲ್ ಬಜಾರಿನ ದುಕಾನ್ ಇದ್ದಂಗೆ. ಅವನು ತನ್ನ ಅವ್ವನ ಮಾತಿನಲ್ಲೇ ಊಟ ಕೇಳಿರಬಹುದು. ನಾವು ನಕ್ಕೆವು.

ಗುಂಪಿನಲ್ಲೇ ಬೈದು ಬರೆಯಬಹುದಿತ್ತು. ಬರೆಯಲು ಹೋದರೆ ಕೈ ತಡೀತು. ಯಾಕಂದ್ರೆ ನನ್ನದೂ ಒಂದು ಬಾಕಿ ಐತಿ. ಹತ್ತು ಹನ್ನೆರಡು ವರ್ಷ ಹಳೇದು. ಮೊದಲು ಅದನ್ನು ಹೇಳಿಬಿಡ್ತೀನಿ.

ನಾನು ಓದಿದ ಯೂನಿವರ್ಸಿಟಿಯ ಹೆಸರು ಬೇಡ. ನಮ್ಮ ಹಾಸ್ಟೆಲ್ ಬ್ಲಾಕಿನ ಕೊನೆಯ ನಾಲ್ಕು ರೂಮುಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿದ್ದರು. ಟಾಂಜಾನಿಯಾ, ಇಥಿಯೋಪಿಯಾ, ಯೆಮೆನ್, ಅಫ್ಘಾನಿಸ್ತಾನದವರು. ಅವರ ದಿನಗಳು ಹೆಂಗಿದ್ದವು ಅಂತ ಈಗ ನೆನೆಸಿಕೊಂಡರೆ ಒಂದೊಂದೂ ಗುರುತಿನದೇ ಅನಿಸುತ್ತೆ. ಮುಂಜಾನೆ ಅವರು ನಲ್ಲಿಗೆ ನಿಂತರೆ ನಮ್ಮ ಹುಡುಗರು ಬಕೆಟ್ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಗೇಟಿನ ಎದುರಿನ ಕಟಿಂಗ್ ಅಂಗಡಿಯವನು "ಈ ಕೂದಲಕ್ಕ ನನ್ನ ಮಷೀನ್ ಹಾಳಾಗ್ತೈತಿ" ಅಂದ. ಅವರು ಒಬ್ಬರ ತಲೆ ಒಬ್ಬರು ಕತ್ತರಿಸಿಕೊಳ್ಳುವುದು ಕಲಿತರು. ಹೊರಗೆ ಬಾಡಿಗೆ ಮನೆ ಕೇಳಿದರೆ ಮೊದಲ ಪ್ರಶ್ನೆ "ಏನ್ ತಿಂತೀರಿ?" ದಸರಾ, ದೀಪಾವಳಿ ಬಂದರೆ ಮೆಸ್ ಬಂದ್. ನಾವೆಲ್ಲ ಊರಿಗೆ ಬಸ್ ಹತ್ತುತ್ತಿದ್ದೆವು. ಅವರು ಬ್ರೆಡ್ಡು, ಬಾಳೆಹಣ್ಣಿನಲ್ಲಿ ವಾರ ಕಳೆಯುತ್ತಿದ್ದರು. ಅವರಿಗೆ ಹಬ್ಬಕ್ಕೆ ಕರೆಯುವ ಊರು ಈ ದೇಶದಲ್ಲಿ ಇರಲಿಲ್ಲ.

ಭಾನುವಾರ ಕದ್ದು ಕರೆಂಟ್ ಒಲೆ ಹಚ್ಚುತ್ತಿದ್ದರು. ಗೋವಿನಜೋಳದ ಹಿಟ್ಟಿನ ಮುದ್ದೆ, ಅದಕ್ಕೆ ಅವರು ಉಗಾಲಿ ಅಂತಾರೆ. ಜೊತೆಗೆ ಊರಿನಿಂದ ತಂದ ಒಣ ಮೀನು. ಆ ವಾಸನೆ ಕಾರಿಡಾರಿಗೆ ಬಂತು. ಒಂದು ವಾರದಲ್ಲಿ ಅರ್ಜಿ ತಯಾರಾಯ್ತು: ವಾಸನೆಯಿಂದ ಓದಿಗೆ ತೊಂದರೆ, ವಿದೇಶಿಯರಿಗೆ ಬೇರೆ ವ್ಯವಸ್ಥೆ ಮಾಡಬೇಕು. ಹಾಳೆ ರೂಮಿನಿಂದ ರೂಮಿಗೆ ಹೋಗಿ ನನ್ನ ಹತ್ರ ಬಂತು. ನಾನು ಸಹಿ ಹಾಕಿದೆ.

ನನಗೆ ಆ ವಾಸನೆ ಹೇಸಿಗೆ ಆಗಿತ್ತೇನು? ಇಲ್ಲ. ಅದು ನನ್ನ ಮನೆಯ ವಾಸನೆ. ನಮ್ಮ ಅಜ್ಜಿ ಅಂಗಳದಲ್ಲಿ ಹಗ್ಗ ಕಟ್ಟಿ ಖಂಡ ಒಣಗಿಸುತ್ತಿದ್ದಳು, ಮಳೆಗಾಲಕ್ಕೆ ಅದೇ ಆಧಾರ. ನನ್ನ ರೂಮ್‌ಮೇಟ್‌ಗಳಿಗೆ ನನ್ನ ಜಾತಿ ಆಗಿನ್ನೂ ಗೊತ್ತಿರಲಿಲ್ಲ. ಸಹಿ ಹಾಕದಿದ್ರ "ಯಾಕೋ, ನಿಮ್ಮನ್ಯಾಗೂ ಇಂಥಾದ್ದ ತಿಂತೀರೇನು?" ಅಂತ ಕೇಳ್ತಾರ ಅನ್ನೋ ಹೆದರಿಕೆ. ನಾನು ತಪ್ಪಿಸಿಕೊಳ್ಳೋಕೆ ಅವರನ್ನ ಮುಂದೆ ತಳ್ಳಿದೆ.

ಅವರನ್ನು ಆಟದ ಮೈದಾನದ ಆಚೆಯ ಹಳೇ ಕಟ್ಟಡಕ್ಕೆ ಕಳಿಸಿದರು. ಅಲ್ಲಿ ನಲ್ಲಿ ನೀರಿಲ್ಲ, ಟ್ಯಾಂಕರ್. ನೋಟಿಸಿನಲ್ಲಿ ಬರೆದದ್ದು "ಅವರ ಅನುಕೂಲಕ್ಕಾಗಿ" ಅಂತ. ನೀರು ಇಲ್ಲದ ಕಡೆ, ಊರ ಹೊರಗೆ, ನಿಮ್ಮದೇ ಅನುಕೂಲಕ್ಕೆ. ಈ ಭಾಷೆ ನಮಗೆ ಹೊಸದಾ?

ಈಗ ಕೆಲವರು "ಅಣ್ಣಾ, ಅದು ವರ್ಣಭೇದ, ಇದು ಜಾತಿ. ಎರಡೂ ಬೇರೆ. ಅವರು ಪರದೇಶದವರು, ನಾಲ್ಕು ವರ್ಷಕ್ಕೆ ಹೋಗಿಬಿಡ್ತಾರೆ" ಅಂತೀರಿ. ಹಂಗಾದರೆ ನಮ್ಮ ಸಿದ್ದಿಗಳನ್ನು ನೋಡ್ರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದವರು. ಕನ್ನಡ, ಕೊಂಕಣಿ ಆಡುವವರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. ಅವರ ಹುಡುಗರು ಬೆಂಗಳೂರಿಗೆ ಹೋದರೆ "ಯಾವ ದೇಶ?" ಅಂತ ಕೇಳುತ್ತಾರೆ. ಇದು ಅವರೇ ಎಷ್ಟೋ ಸಲ ಹೇಳಿಕೊಂಡ ಮಾತು. ಅಂದರೆ ತಕರಾರು ಪಾಸ್‌ಪೋರ್ಟಿನದಲ್ಲ. ಇನ್ನು ನಮ್ಮ ಜಿಲ್ಲೆಯ ಬಾದಾಮಿಗೆ ಬಂಡೆ ಹತ್ತಲಿಕ್ಕೆ ಬರುವ ಬಿಳಿಯರು? ಅವರೂ ಪರದೇಶದವರೇ. ಅವರಿಗೆ ರೂಮು ಐತಿ, ನಗು ಐತಿ, "ವೆಲ್‌ಕಮ್ ಸರ್" ಐತಿ.

2016ರ ಜನವರಿ ನೆನಪಿಸಿಕೊಳ್ಳಿ. ಜನವರಿ 17ಕ್ಕೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಹೋದ. ಅವನನ್ನೂ ಇನ್ನೂ ನಾಲ್ವರು ದಲಿತ ವಿದ್ಯಾರ್ಥಿಗಳನ್ನೂ ಹಾಸ್ಟೆಲ್‌ನಿಂದ ಹೊರಹಾಕಿದ್ದರು. ಅವರು ಬಯಲಲ್ಲಿ ಗುಡಾರ ಹಾಕಿ ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ಹೊಲಗೇರಿ ಅಂತ ಅರ್ಥ. ನಾವು ಊರೂರಲ್ಲಿ ಮೇಣದಬತ್ತಿ ಹಿಡಿದೆವು. ಸರಿಯಾಗಿ 14 ದಿನಕ್ಕೆ, ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವ್ಯಕ್ತಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಒಬ್ಬ ಹೆಣ್ಣುಮಗಳು ತೀರಿಕೊಂಡಳು. ಅದು ದೊಡ್ಡ ಅನ್ಯಾಯ, ಆ ಮನೆಯವರ ದುಃಖಕ್ಕೆ ತೂಕ ಇಲ್ಲ. ಆದರೆ ಆಮೇಲೆ ಅಲ್ಲಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿಗಳ ಕಾರನ್ನು ಗುಂಪು ತಡೆದು ಸುಟ್ಟಿತು. 21 ವರ್ಷದ ವಿದ್ಯಾರ್ಥಿನಿಯನ್ನು ಎಳೆದು, ಹೊಡೆದು, ಬಟ್ಟೆ ಹರಿದರು. ಅವಳಿಗೂ ಆ ಅಪಘಾತಕ್ಕೂ ಸಂಬಂಧ ಇರಲಿಲ್ಲ. ದೇಶವೇ ಬೇರೆ.

ಒಬ್ಬ ತಪ್ಪು ಮಾಡಿದರೆ ಇಡೀ ಕೇರಿ ಉರಿಯಬೇಕು. ಈ ನ್ಯಾಯ ಎಲ್ಲಿಯದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ರಾಜ್ಯದ ಗೃಹಮಂತ್ರಿ ಡಾ. ಜಿ. ಪರಮೇಶ್ವರ. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಜನರ ಪ್ರತಿಕ್ರಿಯೆ ಎಂಬರ್ಥದಲ್ಲಿ ಮಾತಾಡಿದರು. "ಇದು ಜಾತಿ ಗಲಾಟೆ ಅಲ್ಲ, ವೈಯಕ್ತಿಕ ಜಗಳ" ಅನ್ನೋದನ್ನ ಪ್ರತಿ ದೌರ್ಜನ್ಯದ ಮಾರನೇ ದಿನ ಕೇಳಿ ಕೇಳಿ ಸವೆದ ಸಮುದಾಯದಿಂದ ಬಂದವರು ಆ ಮಾತು ಆಡಿದರು. ನಾವು ಸುಮ್ಮನಿದ್ದೆವು. ರೋಹಿತ್‌ಗೆ ಹಿಡಿದ ಮೇಣದಬತ್ತಿಯಲ್ಲಿ ಒಂದು ಚೂರು ಉಳಿದಿತ್ತು, ಅದನ್ನು ಆ ಹುಡುಗಿಗೆ ಹಚ್ಚಲಿಲ್ಲ.

2024ರ ಮಾರ್ಚ್ 16ಕ್ಕೆ ಅಹಮದಾಬಾದಿನಲ್ಲಿ, ಗುಜರಾತ್ ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೇ ಗುಂಪು ನುಗ್ಗಿತು. ರಂಜಾನಿನ ರಾತ್ರಿ ನಮಾಜು ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಮೇಲೆ ಕಲ್ಲು, ಹೊಡೆತ. ಶ್ರೀಲಂಕಾ ಮತ್ತು ತಜಕಿಸ್ತಾನದ ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಆಮೇಲೆ ಕುಲಪತಿಗಳು ಏನಂದರು? ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲಿನ ಸಂಸ್ಕೃತಿಯ ತಿಳಿವಳಿಕೆ ಕೊಡಬೇಕು, ಅವರು ಮಾಂಸ ತಿನ್ನುತ್ತಾರೆ, ಗುಜರಾತು ಸಸ್ಯಾಹಾರಿ ಸಮಾಜ ಅನ್ನುವ ಅರ್ಥದ ಮಾತು. ಹೊಡೆಸಿಕೊಂಡವರನ್ನೇ ಬೇರೆ ಕಟ್ಟಡಕ್ಕೆ ಕಳಿಸುವ ತೀರ್ಮಾನ ಆಯ್ತು. ಸುದ್ದಿ ಓದಿದಾಗ ನನಗೆ ನನ್ನ ಸಹಿ ಕಣ್ಣಿಗೆ ಬಂತು.

ಈಗ ಇಳಕಲ್ಲಿನ ಮಾತು. ಆ ನಾಲ್ಕು ರೂಮಿನವರಲ್ಲಿ ಟಾಂಜಾನಿಯಾದ ಒಬ್ಬ ಮುಂದಿನ ವರ್ಷ ಲೈಬ್ರರಿಯಲ್ಲಿ ಗೆಳೆಯನಾದ. ಅವನ ಅವ್ವನಿಗೆ ಒಂದು ಇಳಕಲ್ ಸೀರೆ ಒಯ್ಯಬೇಕು ಅಂತ ಆಸೆ. ಅವರ ಕಡೆ ಹೆಣ್ಣುಮಕ್ಕಳು ಉಡುವ ಕಾಂಗಾ ಬಟ್ಟೆಯ ಅಂಚಿನ ಹತ್ತಿರ ಒಂದು ಗಾದೆ ಅಚ್ಚು ಹಾಕಿರುತ್ತಾರಂತೆ. "ನಿಮ್ಮ ಸೀರೆ ಏನು ಹೇಳುತ್ತೆ?" ಅಂತ ಕೇಳಿದ. ಒಂದು ರಜೆಗೆ ಕರಕೊಂಡು ಬಂದೆ. ನಮ್ಮನೆ ಸಣ್ಣದು, ಲಾಡ್ಜ್ ಕೇಳಿದೆ. "ಫಾರಿನ್ನಿನವ್ರಿಗೆ ಕೊಡಾಂಗಿಲ್ರಿ" ಅಂದರು. ಆಗ ವಿದೇಶಿಯರು ತಂಗಿದರೆ 24 ತಾಸಿನೊಳಗೆ ಫಾರ್ಮ್ ಸಿ ತುಂಬಬೇಕಿತ್ತು, ಆ ರಗಳೆ ಯಾರಿಗೆ ಬೇಕು ಅನ್ನೋದು ಒಂದು ಕಾರಣ. ಕೌಂಟರಿನ ಹಿಂದೆ ಮೆಲ್ಲಗೆ "ಇಂಥವ್ರನ್ನೆಲ್ಲ ಯಾಕ ಕರ್ಕೊಂಡ್ ಬರ್ತೀರಿ" ಅಂದದ್ದು ಇನ್ನೊಂದು ಕಾರಣ. ಆ ಫಾರ್ಮು ಮನೆಯಲ್ಲಿ ಇಟ್ಟುಕೊಂಡವರಿಗೂ ಅನ್ವಯ ಆಗುತ್ತಿತ್ತು. ನಾನೇ ತುಂಬಿದೆ. ಲಾಡ್ಜಿನವರು ಬೇಡ ಅಂದ ಅತಿಥಿಗೆ ನಮ್ಮ ಕೇರಿ ವಿಳಾಸ ಆಯ್ತು.

ನಮ್ಮ ಕೇರಿ ಸ್ವರ್ಗ ಅಂತ ಹೇಳಲು ಇದನ್ನು ಬರೀತಿಲ್ಲ. ಹುಡುಗರು ಕೇಳದೇ ಅವನ ಕೂದಲು ಮುಟ್ಟಿದರು, ಸೆಲ್ಫಿ ತಗೊಂಡರು, "ಕರಿಯಣ್ಣ" ಅಂದರು. ಅವನು ನಗುತ್ತಲೇ ಇದ್ದ. ಆ ನಗು ನನಗೆ ಗೊತ್ತು. ಮೆಸ್ಸಿನಲ್ಲಿ ಜಾತಿ ಜೋಕು ಬಂದಾಗ ನಾನು ನಗುತ್ತಿದ್ದ ನಗು ಅದು.

ಅವ್ವ ಕೂಲಿಗೆ ಕಂಡಿಕೆ ಸುತ್ತುತ್ತಾಳೆ. ಕೈ ಬಿಟ್ಟು ಎದ್ದು ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಉಣ್ಣುವಾಗ ಕೇಳಿದಳು: "ಯಪ್ಪಾ, ನಿಮ್ಮೂರಾಗ ನಿಮ್ಮ ಮಂದಿ ಕೇರಿ ಊರಾಗ ಐತೋ, ಊರ ಹೊರಗ ಐತೋ?" ನಾನು ಇಂಗ್ಲಿಷಿಗೆ ಹೇಳಿದೆ. ನಮ್ಮಲ್ಲೂ ಕುಲಗಳಿವೆ, ಜಗಳಗಳಿವೆ, ಬಡವರು ಸಾಹುಕಾರರು ಇದ್ದಾರೆ, ಆದರೆ ನಮ್ಮೂರಿನಲ್ಲಿ ನೀರಿಗೆ ಬೇರೆ ಬಾವಿ ಇಲ್ಲ ಅಂದ. ಅವ್ವ ರೊಟ್ಟಿ ಮುರಿಯುತ್ತಾ ನನ್ನ ಕಡೆ ತಿರುಗಿದಳು. "ಮತ್ತ ನಿಮ್ಮ ಹಾಸ್ಟೆಲ್ಲಿನ್ಯಾಗ ಇವ್ರನ್ನ ಯಾಕ ಹೊರಗ ಇಟ್ಟಾರ?"

ಅದನ್ನು ನಾನು ಇಂಗ್ಲಿಷಿಗೆ ಹೇಳಲಿಲ್ಲ.

ರಾತ್ರಿ ಕಟ್ಟೆ ಮೇಲೆ ಕೂತು ಅವನಿಗೆ ಅರ್ಜಿಯ ವಿಷಯ ಹೇಳಿದೆ. "ಗೊತ್ತು. ಆ ಹಾಳೆ ನಮಗೆ ತೋರಿಸಿದ್ದರು" ಅಂದ. ಸ್ವಲ್ಪ ಹೊತ್ತು ಬಿಟ್ಟು ನಾಳೆ ಬಸ್ಸು ಎಷ್ಟಕ್ಕೆ ಅಂತ ಕೇಳಿದ. ಅಂದರೆ ಒಂದು ವರ್ಷ ನನ್ನ ಪಕ್ಕ ಲೈಬ್ರರಿಯಲ್ಲಿ ಕೂತಿದ್ದು ಎಲ್ಲಾ ಗೊತ್ತಿದ್ದೇ. ಕ್ಷಮಿಸಿದೆ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಗಾತಿಗಳೇ, ಬಾಬಾಸಾಹೇಬರೂ ಪರದೇಶದ ವಿದ್ಯಾರ್ಥಿಯೇ. 1913ರಲ್ಲಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾದ ಹಾಸ್ಟೆಲ್ಲಿನಲ್ಲಿ ಇದ್ದವರು. ಲಿವಿಂಗ್‌ಸ್ಟನ್ ಹಾಲಿನಲ್ಲಿ ನವಲ್ ಭಥೇನಾ ಅನ್ನುವ ಪಾರ್ಸಿ ಅವರ ಜೊತೆಗಾರ, ಜೀವನಪೂರ್ತಿ ಗೆಳೆಯ. ಅದೇ ಅಂಬೇಡ್ಕರರು 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ ಪಾರ್ಸಿ ಛತ್ರದಿಂದ ಕೋಲು ಹಿಡಿದು ಬಂದವರು ಹೊರಹಾಕಿದರು. ಪರದೇಶದ ಹಾಸ್ಟೆಲ್ಲಿನಲ್ಲಿ ಸಿಕ್ಕ ಕೋಣೆ ಸ್ವದೇಶದ ಛತ್ರದಲ್ಲಿ ಸಿಗಲಿಲ್ಲ. ಒಂದು ಕೋಣೆ ಮನುಷ್ಯನಿಗೆ ಏನು ಮಾಡುತ್ತೆ ಅಂತ ಬಲ್ಲವರಾದ್ದರಿಂದಲೇ ಅವರು ನಮ್ಮ ಮಕ್ಕಳಿಗೆ ಹಾಸ್ಟೆಲ್‌ಗಳನ್ನು ತೆರೆದರು, ನಮ್ಮ ಧಾರವಾಡದಲ್ಲೂ ತೆರೆದರು.

1946ರಲ್ಲಿ ಅವರು ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು. ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕಳಿಸಿಕೊಡಿ ಅಂತ. ಪ್ರತಿ ಏಪ್ರಿಲ್‌ನಲ್ಲಿ ನಾವು ಆ ಪತ್ರದ ಫೋಟೋ ಹಾಕ್ತೀವಿ. 2020ರಲ್ಲಿ ಜಾರ್ಜ್ ಫ್ಲಾಯ್ಡ್‌ಗಾಗಿ ಪ್ರೊಫೈಲ್ ಕಪ್ಪು ಮಾಡಿದೆವು. ಬಾಬಾಸಾಹೇಬರು ಕಪ್ಪು ಜನರ ಅರ್ಜಿ ಕೇಳಿ ತರಿಸಿಕೊಂಡು ಓದಲು ಹೊರಟವರು. ನಾನು ಕಪ್ಪು ಜನರ ವಿರುದ್ಧದ ಅರ್ಜಿಗೆ ಸಹಿ ಹಾಕಿದವನು. ಮಿನಿಯಾಪೊಲಿಸ್ ನಮಗೆ ಹತ್ತಿರ ಆಯ್ತು, ಪಕ್ಕದ ರೂಮು ದೂರ.

ಬಸವ ಭಕ್ತರಿಗೂ ಒಂದು ಮಾತು. ಕೂಡಲಸಂಗಮ ನಮ್ಮ ಹುನಗುಂದದ ನೆಲದಲ್ಲೇ ಇದೆ. ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವರು ಅಂತ ಪರಂಪರೆ ಹೇಳುತ್ತೆ. ಹನ್ನೆರಡು ವರ್ಷ ಯಾರಿಗೂ ಗುರುತಿಲ್ಲದೆ ಪ್ರಸಾದಕುಂಡದ ಹತ್ತಿರ ಇದ್ದರು, ಅಲ್ಲಮ ಬಂದು ಗುರುತಿಸಿದ. ಇವತ್ತಿನ ಮರುಳಶಂಕರರು ಮೈದಾನದ ಆಚೆಯ ಕಟ್ಟಡದಲ್ಲಿ ಟ್ಯಾಂಕರಿಗೆ ಕಾಯ್ತಾ ಇದ್ದಾರೆ.

ಸಂವಿಧಾನದ 15ನೇ ವಿಧಿ ನಾಗರಿಕರ ಬಗ್ಗೆ ಮಾತಾಡುತ್ತೆ. 14 ಮತ್ತು 21 ಪ್ರತಿ ವ್ಯಕ್ತಿಯ ಬಗ್ಗೆ. ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿಯಲ್ಲಿ ನಾಗರಿಕ ಅನ್ನುವ ಪದವೇ ಇಲ್ಲ. ಕೋರ್ಟುಗಳು ಅದನ್ನು ಜಾತಿಯಿಂದ ಹುಟ್ಟಿದ ಅಸ್ಪೃಶ್ಯತೆ ಅಂತಲೇ ಓದಿವೆ, ಗೊತ್ತು. ಆದರೆ ಬಕೆಟ್ ಹಿಂದಕ್ಕೆ ಸರಿಸುವ ಆ ಕೈ ಅದನ್ನು ಕಲಿತದ್ದು ಎಲ್ಲಿ? ನಮ್ಮ ಮೇಲೆ. ನಮ್ಮ ಮೇಲೆ ಕಲಿತ ಕೈ ಈಗ ಅವರ ಮೇಲೆ ನಡೀತಾ ಇದೆ. ಅದನ್ನು ಅಲ್ಲಿ ಬಿಟ್ಟರೆ ಇಲ್ಲಿ ಹಿಡಿಯೋಕೆ ಆಗಲ್ಲ.

ಹಂಗಾಗಿ ಕೇಳೋದು ಇಷ್ಟು. ವಿದ್ಯಾರ್ಥಿ ಘಟಕದವರೇ, ಮುಂದಿನ ಸಭೆಗೆ ನಿಮ್ಮ ಕ್ಯಾಂಪಸ್ಸಿನ ವಿದೇಶಿ ವಿದ್ಯಾರ್ಥಿಗಳನ್ನು ಕರೀರಿ, ಭಾಷಣ ಮಾಡಿಸಲಿಕ್ಕಲ್ಲ, ಅವರ ತಕರಾರು ಕೇಳಲಿಕ್ಕೆ. ಯುಜಿಸಿ 2012ರಲ್ಲಿ ತಂದ ಸಮಾನತೆಯ ನಿಯಮಗಳಲ್ಲಿ ಜಾತಿಯ ಜೊತೆಗೆ ಜನಾಂಗ, ಭಾಷೆ, ಧರ್ಮದ ತಾರತಮ್ಯವೂ ಸೇರಿದೆ. ದೂರು ಬರೆಯೋದು ನಮಗೆ ಗೊತ್ತು, ಅವರಿಗೆ ಬರೆದುಕೊಡೋಣ. ರಜೆಯಲ್ಲಿ ಒಂದಾದರೂ ಮೆಸ್ ತೆರೆದಿಡಿ ಅಂತ ವಾರ್ಡನ್‌ಗಳನ್ನ ಕೇಳೋಣ. "ಬೇರೆ ವ್ಯವಸ್ಥೆ" ಅನ್ನುವ ಹಾಳೆ ನಿಮ್ಮ ರೂಮಿಗೆ ಬಂದರೆ ಸಹಿ ಹಾಕಬೇಡಿ. "ನಿಮ್ಮನ್ಯಾಗೂ ತಿಂತೀರೇನು?" ಅಂತ ಕೇಳಿದರೆ "ಹೌದು, ತಿಂತೀವಿ" ಅನ್ರಿ. ನನಗೆ ಆ ಎರಡು ಮಾತು ಹೇಳೋಕೆ ಇಷ್ಟು ವರ್ಷ ಬೇಕಾಯ್ತು.

ದಸರಾಕ್ಕೆ ಮತ್ತೆ ಮೆಸ್‌ಗಳು ಮುಚ್ಚುತ್ತವೆ. ಮನೆಗೆ ಕರೆಯೋರು ಕರೀರಿ. ವಿದೇಶಿ ಅತಿಥಿಯ ಫಾರ್ಮ್ ಹೆಂಗ ತುಂಬೋದು ಅಂತ ಗೊತ್ತಿಲ್ಲದಿದ್ರ ನನಗೆ ಮೆಸೇಜ್ ಮಾಡ್ರಿ, ಹೇಳಿಕೊಡ್ತೀನಿ.

ಆ ವಿಡಿಯೋ ಗುಂಪಿನಲ್ಲಿ ಇನ್ನೂ ಐತಿ. ಹಾಕಿದವನು ತಾನೇ ತೆಗೀಲಿ.

ಜೈಭೀಮ್.